ದುಃಖಕ್ಕೆ ವೋಚರ್ ಕೇಳಿದ ಕಥೆ

ಟ್ರಸ್ಟ್ ಖಾತೆ ಅಂದರೆ ಬ್ಯಾಂಕಿನ ನಮ್ಮಂಥವರಿಗೆ ಸ್ವಲ್ಪ ತಲೆನೋವು. ಟ್ರಸ್ಟ್ ಡೀಡ್ ಪೂರ್ತಿ ಓದಬೇಕು. ಉದ್ದೇಶ ಏನು, ಹಣ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು, ಚೆಕ್ಕಿಗೆ ಎಷ್ಟು ಜನ ಸಹಿ ಹಾಕಬೇಕು ಅಂತ ಒಂದೊಂದೇ ಕಲಮು ನೋಡಬೇಕು. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದಕ್ಕೋ ಏನೋ, ಯಾವ ದುರಂತದ ಬಗ್ಗೆ ಓದಿದರೂ ನನ್ನ ಕಣ್ಣು ಮೊದಲು ಪರಿಹಾರ ನಿಧಿಯ ಕಡೆಗೇ ಹೋಗುತ್ತದೆ. ಎಷ್ಟು ಸೇರಿತು, ಯಾರ ಕೈಯಲ್ಲಿತ್ತು, ಯಾರಿಗೆ ತಲುಪಿತು? "ನಿಮಗೆ ಎಲ್ಲದರಲ್ಲೂ ಲೆಕ್ಕವೇ" ಅಂತ ಮನೆಯವಳು ಬೈಯುತ್ತಾಳೆ. ಆದರೆ ಲೆಕ್ಕದ ಪುಸ್ತಕದಲ್ಲಿ ಮನುಷ್ಯರ ಗುಣ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದು ಆ ಪುಸ್ತಕ ಬರೆದವರಿಗೇ ಗೊತ್ತು!

ಈ ಅಭ್ಯಾಸದಿಂದಲೇ ನನಗೆ ಅಬರ್‌ಫಾನ್ ಎಂಬ ಊರಿನ ಕಥೆ ಸಿಕ್ಕಿದ್ದು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ದಕ್ಷಿಣದಲ್ಲಿ, ಮರ್ಥರ್ ಟಿಡ್ವಿಲ್ ಪಟ್ಟಣದ ಹತ್ತಿರ ಇರುವ ಗಣಿ ಕಾರ್ಮಿಕರ ಚಿಕ್ಕ ಊರು. (ವೆಲ್ಷ್ ಭಾಷೆಯಲ್ಲಿ ಒಂಟಿ ಎಫ್ ಬಂದರೆ ವಕಾರದ ಹಾಗೆ ಉಚ್ಚರಿಸಬೇಕಂತೆ. ಹಾಗಾಗಿ ಅವರ ಬಾಯಲ್ಲಿ ಅದು ಅಬರ್‌ವಾನ್. ಪತ್ರಿಕೆಗಳಲ್ಲಿ ರೂಢಿಯಾದ ಹೆಸರನ್ನೇ ನಾನು ಬರೆಯುತ್ತೇನೆ.) ಒಂದು ಶಾಲೆಯ ಮಕ್ಕಳು ಒಂದೇ ಬೆಳಗ್ಗೆ ಇಲ್ಲವಾದಾಗ ಉಳಿದ ಮಕ್ಕಳನ್ನು, ಅಪ್ಪ ಅಮ್ಮಂದಿರನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಪ್ರಶ್ನೆಗೆ ಆ ಊರು ಬಹಳ ದುಬಾರಿ ಬೆಲೆ ತೆತ್ತು ಉತ್ತರ ಹುಡುಕಿತು.

ಕೆಜಿಎಫ್ ಕಡೆ ಹೋದವರಿಗೆ ಅಲ್ಲಿಯ ಸೈನೈಡ್ ದಿಬ್ಬಗಳು ನೆನಪಿರಬೇಕು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಗುಡ್ಡ ಹಾಕಿದ್ದು. ಅಬರ್‌ಫಾನಿನಲ್ಲೂ ಹಾಗೇ, ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಊರಿನ ಮೇಲಿನ ಬೆಟ್ಟದ ಮೇಲೆ ಸುರಿಯುತ್ತಿದ್ದರು. ಒಂದರ ಪಕ್ಕ ಒಂದು ಏಳು ಗುಡ್ಡಗಳು. 1958ರಲ್ಲಿ ಶುರುವಾದ ಏಳನೆಯದನ್ನು ಹಾಕಿದ ಜಾಗದಲ್ಲಿ ನೀರಿನ ಒರತೆ ಇತ್ತು. ಭೂಪಟದಲ್ಲಿಯೂ ಅದು ನಮೂದಾಗಿತ್ತು. ಬೆಟ್ಟದ ಬುಡದಲ್ಲಿ ಪ್ಯಾಂಟ್‌ಗ್ಲಾಸ್ ಜೂನಿಯರ್ ಶಾಲೆ. ಶಾಲೆಯ ಹಿಂದೆ ಗಣಿ ಕೆಸರು ಸುರಿಯುವುದು ಅಪಾಯ ಅಂತ 1963ರಲ್ಲೇ ಸ್ಥಳೀಯ ಆಡಳಿತದ ಇಂಜಿನಿಯರ್ ಪತ್ರ ಬರೆದಿದ್ದರು. 1965ರ ಜನವರಿಯಲ್ಲಿ ಇಬ್ಬರು ತಾಯಂದಿರು ಶಾಲೆಯ ಹತ್ತಿರ ನುಗ್ಗುತ್ತಿದ್ದ ನೀರಿನ ಬಗ್ಗೆ ಮುಖ್ಯೋಪಾಧ್ಯಾಯಿನಿಗೆ ಮನವಿ ಕೊಟ್ಟಿದ್ದರು. ಕಾಗದಗಳು ಮೇಜಿನಿಂದ ಮೇಜಿಗೆ ಓಡಾಡಿದವು. ಅಷ್ಟೇ.

1966ರ ಅಕ್ಟೋಬರ್ 21, ಶುಕ್ರವಾರ. ಮರುದಿನದಿಂದ ಮಕ್ಕಳಿಗೆ ರಜೆ. ಬೆಳಗ್ಗೆ ಸುಮಾರು 9.15ಕ್ಕೆ, ಹಲವು ದಿನಗಳ ಮಳೆಯಿಂದ ನೆನೆದಿದ್ದ ಏಳನೇ ಗುಡ್ಡ ಜಾರಿತು. ಕಣಿವೆಯಲ್ಲಿ ದಟ್ಟ ಮಂಜು, ಕೆಳಗಿನವರಿಗೆ ಕೇಳಿಸಿದ್ದು ಸದ್ದು ಮಾತ್ರ. ಶಾಲೆಯ ಮೇಲೂ ಪಕ್ಕದ ಮನೆಗಳ ಮೇಲೂ ಕಪ್ಪು ಕೆಸರು ಬಂದು ಕುಳಿತಿತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು, ಹೆಚ್ಚಿನವರು ಏಳರಿಂದ ಹತ್ತು ವರ್ಷದವರು. ಐವರು ಶಿಕ್ಷಕರು ಹೋದರು. ಶಾಲೆಯ ಊಟದ ಲೆಕ್ಕ ನೋಡುತ್ತಿದ್ದ ನ್ಯಾನ್ಸಿ ವಿಲಿಯಮ್ಸ್ ಆ ಹೊತ್ತಿನಲ್ಲಿ ಮಕ್ಕಳಿಂದ ಊಟದ ದುಡ್ಡು ಸಂಗ್ರಹಿಸುತ್ತಿದ್ದರು. ಐದು ಮಕ್ಕಳ ಮೇಲೆ ಅಡ್ಡ ಬಿದ್ದು ಅವರನ್ನು ಉಳಿಸಿದರು, ತಾವು ಉಳಿಯಲಿಲ್ಲ. ಬೆಳಗ್ಗೆ ಹನ್ನೊಂದರ ನಂತರ ಯಾರನ್ನೂ ಜೀವಂತವಾಗಿ ಹೊರಗೆ ತೆಗೆಯಲು ಆಗಲಿಲ್ಲ. ಗಣಿಯಿಂದ ಮೇಲೆ ಬಂದ ಅಪ್ಪಂದಿರೇ ಸಲಿಕೆ ಹಿಡಿದು ತಮ್ಮ ಮಕ್ಕಳನ್ನು ಹುಡುಕಿದರು.

ಬೆಥಾನಿಯಾ ಎಂಬ ಪ್ರಾರ್ಥನಾ ಮಂದಿರವೇ ಶವಾಗಾರವಾಯಿತು. ಗುರುತು ಹಿಡಿಯಲು ತಂದೆ ತಾಯಂದಿರು ಹೊರಗೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಮೂರು ದಿನದ ನಂತರ ಮರಣ ವಿಚಾರಣೆ. ಅಧಿಕಾರಿ ಒಂದು ಮಗುವಿನ ಹೆಸರು ಓದಿ, ಸಾವಿಗೆ ಕಾರಣ ಉಸಿರುಕಟ್ಟಿದ್ದು, ಗಾಯಗಳು ಅಂತ ಹೇಳಿದಾಗ ಅಪ್ಪ ಎದ್ದು ನಿಂತ. ಅದಲ್ಲ, ಕಲ್ಲಿದ್ದಲು ಮಂಡಳಿ ನನ್ನ ಮಗುವನ್ನು ಜೀವಂತ ಹೂತಿತು, ದಾಖಲೆಯಲ್ಲಿ ಹಾಗೆ ಬರೆಯಿರಿ ಅಂದ. ಗಣಿ ನಡೆಸುತ್ತಿದ್ದುದು ಸರ್ಕಾರದ್ದೇ ಆದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ. ಲಾರ್ಡ್ ಜಸ್ಟಿಸ್ ಎಡ್ಮಂಡ್ ಡೇವಿಸ್ ಅವರ ನ್ಯಾಯಮಂಡಳಿ 76 ದಿನ ಕೂತು 1967ರ ಆಗಸ್ಟಿನಲ್ಲಿ ಕೊಟ್ಟ ವರದಿಯೂ ಹೊಣೆಯನ್ನು ಮಂಡಳಿಯ ಮೇಲೇ ಹೊರಿಸಿತು. ಒಬ್ಬರ ಮೇಲೂ ಮೊಕದ್ದಮೆ ಆಗಲಿಲ್ಲ. ಒಬ್ಬರ ಕೆಲಸವೂ ಹೋಗಲಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ದುರಂತದ ಸುದ್ದಿ ತಿಳಿದ ಕೂಡಲೇ ಮರ್ಥರ್ ಟಿಡ್ವಿಲ್‌ನ ಮೇಯರ್ ಒಂದು ನಿಧಿ ಶುರು ಮಾಡಿದರು. ಜಗತ್ತಿನ ಮೂಲೆಮೂಲೆಗಳಿಂದ ಹಣ ಬಂತು. 1967ರ ಜನವರಿಯಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 90,000 ಕೊಡುಗೆಗಳು. ಕೊನೆಯ ಮೊತ್ತ ಸುಮಾರು 17.5 ಲಕ್ಷ ಪೌಂಡ್. 1966ರ ಜೂನಿನಲ್ಲಿ ನಮ್ಮ ರೂಪಾಯಿಯ ಅಪಮೌಲ್ಯ ಆಯಿತಲ್ಲ, ಆಮೇಲಿನ ದರ ಪೌಂಡಿಗೆ 21 ರೂಪಾಯಿ. ಆ ಲೆಕ್ಕದಲ್ಲಿ ಮೂರೂವರೆ ಕೋಟಿ ದಾಟುತ್ತದೆ. ಆ ಕಾಲಕ್ಕೆ ಸಣ್ಣ ಊರಿನ ಮೇಲೆ ಬಂದು ಬಿದ್ದ ಇಷ್ಟು ದುಡ್ಡು ಅಂದರೆ ಅದೂ ಒಂದು ಗುಡ್ಡವೇ. ಹಣದ ಜೊತೆಗೆ ಆಟಿಕೆಗಳೂ ಬಂದವು, ಮಕ್ಕಳೇ ಇಲ್ಲದ ಮನೆಗಳ ಊರಿಗೆ!

ಟ್ರಸ್ಟ್ ಡೀಡ್ ಆಯಿತು, ಸಮಿತಿ ಆಯಿತು. ದಾನದ ಹಣವಾದ್ದರಿಂದ ಮೇಲ್ವಿಚಾರಣೆಗೆ ಚಾರಿಟಿ ಕಮಿಷನ್ ಬಂತು. ಕಾನೂನು ದೃಷ್ಟಿಯಿಂದ ಅವರ ವಾದ ಸರಳ. ಧರ್ಮದ ಹಣ ಇರುವುದು ಕಷ್ಟದಲ್ಲಿ ಇರುವವರಿಗೆ. ಮಗು ಸತ್ತಿದೆ ಅನ್ನುವುದು ಒಂದೇ ಸಾಕಾಗುವುದಿಲ್ಲ, ಕಷ್ಟ ಇದೆ ಅಂತ ಗೊತ್ತಾಗಬೇಕು. ಆದ್ದರಿಂದ ಹಣ ಕೊಡುವ ಮುಂಚೆ ಪ್ರತಿಯೊಂದು ಮನೆಯನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿ, ಆ ತಂದೆ ತಾಯಿ ತಮ್ಮ ಮಗುವಿಗೆ ಹತ್ತಿರದವರಾಗಿದ್ದರೇ, ಹಾಗಾಗಿ ಮಾನಸಿಕವಾಗಿ ನೊಂದಿರುವ ಸಂಭವ ಇದೆಯೇ ಅಂತ ಖಚಿತ ಮಾಡಿಕೊಳ್ಳಿ ಎಂಬ ಸೂಚನೆ ಬಂತು.

ನಾನು ಇದನ್ನು ಎರಡು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು. ಎರಡನೇ ಸಲ ಓದಿದಾಗ, ಈ ಭಾಷೆ ನನಗೆ ಚೆನ್ನಾಗಿ ಪರಿಚಯ ಇದೆಯಲ್ಲ ಅನ್ನಿಸಿತು. ಇದನ್ನು ಬರೆದವನು ಕ್ರೂರಿ ಆಗಿರಲಿಕ್ಕಿಲ್ಲ. ಮುಂದೆ ಆಡಿಟ್‌ನಲ್ಲಿ ಆಕ್ಷೇಪಣೆ ಬರಬಾರದು ಅನ್ನುವ ಒಂದೇ ಚಿಂತೆ ಇದ್ದ ಗುಮಾಸ್ತ ಇರಬೇಕು. ಎಲ್ಲ ಖರ್ಚಿಗೂ ವೋಚರ್ ಇರುವ ಹಾಗೆ ದುಃಖಕ್ಕೂ ಒಂದು ವೋಚರ್ ಇರಲಿ ಅಂತ ಅವನಿಗೆ ಅನ್ನಿಸಿದೆ. ನಮ್ಮಲ್ಲೂ ಮೃತರ ಖಾತೆಯ ಕ್ಲೇಮು ಅಂತ ಒಂದು ಕೆಲಸ ಇದೆ. ಮರಣ ಪತ್ರ, ನಾಮಿನಿಯ ಗುರುತು ಚೀಟಿ, ಇಬ್ಬರು ಸಾಕ್ಷಿ. ಶಾಲೆಯ ಮಗುವಿನ ಹೆಸರಿನ ಉಳಿತಾಯ ಖಾತೆ ಮುಚ್ಚಲು ಬಂದ ತಂದೆಯೊಬ್ಬರನ್ನು ನಾನು ಒಂದು ಶಾಖೆಯಲ್ಲಿ ನೋಡಿದ್ದೇನೆ. ಖಾತೆಯಲ್ಲಿ ಇದ್ದುದು ಕೆಲವೇ ನೂರು ರೂಪಾಯಿ. ಫಾರಂನಲ್ಲಿ "ಮೃತರೊಂದಿಗಿನ ಸಂಬಂಧ" ಅನ್ನುವ ಕಡೆ ಅವರ ಪೆನ್ನು ತುಂಬಾ ಹೊತ್ತು ನಿಂತಿತ್ತು. ಕೌಂಟರಿನ ಹುಡುಗಿ ಅವರ ಕೈಯಿಂದ ಫಾರಂ ತೆಗೆದುಕೊಂಡು ತಾನೇ ತುಂಬಿ, ಸಹಿ ಜಾಗ ಮಾತ್ರ ತೋರಿಸಿದಳು. ಇಂಥದ್ದನ್ನು ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ಅಬರ್‌ಫಾನಿನ ಸಮಿತಿಯವರ ಪುಣ್ಯ, ಅವರು ಆ ಸೂಚನೆಯನ್ನು ಒಪ್ಪಲಿಲ್ಲ. ಯಾರ ಮನೆಗೂ ಹೋಗಿ ನಿಮ್ಮ ಮಗುವಿನ ಮೇಲೆ ನಿಮಗೆ ಪ್ರೀತಿ ಇತ್ತೇ ಅಂತ ಕೇಳಲಿಲ್ಲ. ಮಗುವನ್ನು ಕಳೆದುಕೊಂಡ ಎಲ್ಲ ಮನೆಗೂ ಒಂದೇ ಮೊತ್ತ, 5,000 ಪೌಂಡ್ ಅಂತ ತೀರ್ಮಾನಿಸಿದರು. ಕಮಿಷನ್ ಮಾತ್ರ 500 ಪೌಂಡ್ ಸಾಕು ಅನ್ನುತ್ತಿತ್ತು. ಅತ್ತ ಕಲ್ಲಿದ್ದಲು ಮಂಡಳಿಯವರು ಒಂದು ಮಗುವಿಗೆ ಮೊದಲು ಹೇಳಿದ ಪರಿಹಾರ 50 ಪೌಂಡ್. ಆಮೇಲೆ 500ಕ್ಕೆ ಏರಿಸಿ ಅದನ್ನೇ ಔದಾರ್ಯ ಅಂದುಕೊಂಡರು. ಐವತ್ತು ಪೌಂಡ್ ಅಂದರೆ ಆಗಿನ 1,050 ರೂಪಾಯಿ.

ಸ್ಮಾರಕಕ್ಕೆ ಹಣ ಖರ್ಚು ಮಾಡಬಹುದೇ ಅನ್ನುವುದೂ ಚರ್ಚೆಗೆ ಬಂತು. ಕೊನೆಗೆ ಒಪ್ಪಿಗೆ ಸಿಕ್ಕಿತು. ಬೆಟ್ಟದ ಇಳಿಜಾರಿನಲ್ಲಿ ಇರುವ ಸ್ಮಶಾನದ ಬಿಳಿ ಕಮಾನುಗಳ ಸಾಲು ದೂರದಿಂದಲೇ ಕಾಣುತ್ತದೆ. ನಾನು ಚಿತ್ರಗಳಲ್ಲಿ ನೋಡಿದ್ದು ಮಾತ್ರ.

ಹಣದ ಗಲಾಟೆಯಲ್ಲಿ ಎಲ್ಲರೂ ಮರೆತಿದ್ದು ಬದುಕುಳಿದ ಮಕ್ಕಳನ್ನು. ಪರಿಹಾರದ ಕಾಗದದಲ್ಲಿ ಅವರಿಗೆ ಜಾಗ ಇರಲಿಲ್ಲ. ಕೈಕಾಲು ನೆಟ್ಟಗಿದೆ, ಬದುಕಿದ್ದಾರೆ, ಅದೇ ಅದೃಷ್ಟ ಅಂತ ಊರೂ ಸರ್ಕಾರವೂ ಅಂದುಕೊಂಡವು. ಆದರೆ ಆ ಮಕ್ಕಳ ಪಾಡು ನೋಡಿ. ಪಕ್ಕದ ಬೆಂಚಿನ ಗೆಳೆಯ ಇಲ್ಲ, ಕಲಿಸಿದ ಮೇಷ್ಟ್ರು ಇಲ್ಲ, ಶಾಲೆಯೇ ಇಲ್ಲ. ಬೀದಿಗೆ ಆಡಲು ಹೋದರೆ ಮಗುವನ್ನು ಕಳೆದುಕೊಂಡ ಅಮ್ಮಂದಿರು ಕಿಟಕಿಯಿಂದ ನೋಡುತ್ತಾರೆ, ಅವರಿಗೆ ಸಂಕಟ ಆಗುತ್ತದೆ. ಹಾಗಾಗಿ ತಾವು ಹೊರಗೆ ಆಡುವುದನ್ನೇ ಬಿಟ್ಟೆವು ಅಂತ ಆ ಮಕ್ಕಳು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಎಂಟು ವರ್ಷದ ಮಗು ತಾನು ಬದುಕಿರುವುದೇ ತಪ್ಪು ಅಂದುಕೊಂಡು ಮನೆಯೊಳಗೆ ಕೂರುವುದು ಅಂದರೆ ಏನು? ಮನೆಯಲ್ಲೂ ಆ ವಿಷಯ ಎತ್ತುವ ಹಾಗಿಲ್ಲ, ಅಪ್ಪ ಅಮ್ಮನಿಗೆ ನೋವಾಗುತ್ತದೆ. ಅಪ್ಪ ಅಮ್ಮನೂ ಎತ್ತುವುದಿಲ್ಲ, ಮಗುವಿಗೆ ನೆನಪಾಗುತ್ತದೆ ಅಂತ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಇಬ್ಬರೂ ಒಂಟಿಯಾದರು. (ನಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ. ಸತ್ತವರ ಹೆಸರು ತೆಗೆದರೆ "ಈಗ ಯಾಕೆ ಅದೆಲ್ಲ" ಅಂತ ಮಾತು ತಿರುಗಿಸುವ ದೊಡ್ಡಮ್ಮ ಎಲ್ಲರ ಮನೆಯಲ್ಲೂ ಒಬ್ಬರು ಇರುತ್ತಾರೆ.)

ಮನೋವೈದ್ಯರು ಇರಲಿಲ್ಲ ಅಂತಲ್ಲ, ಇದ್ದರು. ಮಕ್ಕಳನ್ನು ನೋಡಿದ ವೈದ್ಯೆ ಗೇನರ್ ಲೇಸಿ 1972ರಲ್ಲಿ ತಮ್ಮ ಅನುಭವ ಪ್ರಕಟಿಸಿದರು. ನಿದ್ದೆ ಬಾರದಿರುವುದು, ಗಾಬರಿ, ಶಾಲೆಗೆ ಹೋಗಲು ಒಲ್ಲೆ ಅನ್ನುವುದು, ಗೆಳೆಯರಿಲ್ಲದಿರುವುದು, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು. ಇಂದು ಇದನ್ನು ಓದಿದ ಯಾವ ಶಾಲೆಯ ಕೌನ್ಸೆಲರೂ ಥಟ್ಟನೆ ಹೆಸರು ಹೇಳಿಬಿಡುತ್ತಾರೆ. ಆದರೆ ಪಿಟಿಎಸ್‌ಡಿ ಎಂಬ ಹೆಸರು ವೈದ್ಯಕೀಯ ಪಟ್ಟಿಗೆ ಸೇರಿದ್ದೇ 1980ರಲ್ಲಿ. ಅಲ್ಲದೆ ಗಣಿ ಕಾರ್ಮಿಕರ ಊರು, ಹುಚ್ಚರ ಡಾಕ್ಟರ ಹತ್ತಿರ ಹೋಗುವುದು ಮರ್ಯಾದೆ ಪ್ರಶ್ನೆ. ನಮ್ಮಲ್ಲಿ ಇಂದಿಗೂ ಅದೇ ತಾನೇ!

ಮತ್ತೆ ಏನು ಕೈ ಹಿಡಿಯಿತು? ಒಂದು ದೊಡ್ಡ ಯೋಜನೆಯ ಹೆಸರು ಹೇಳಲು ಬರುವುದಿಲ್ಲ. ಚಿಕ್ಕ ಚಿಕ್ಕ ಸಂಗತಿಗಳು. ಕೆನೆತ್ ಹೇಯ್ಸ್ ಎಂಬ ಪಾದ್ರಿಯ ಮಗನೂ ಸತ್ತಿದ್ದ. ಆದರೂ ಅವರು ಆ ವಾರವೇ ಪ್ರಾರ್ಥನೆ ನಡೆಸಿದರು, ವರ್ಷಗಟ್ಟಲೆ ಊರವರ ಜೊತೆ ನಿಂತರು. ತಾಯಂದಿರು ಕೆಲವರು ಸೇರಿ ಯಂಗ್ ವೈವ್ಸ್ ಕ್ಲಬ್ ಅಂತ ಮಾಡಿಕೊಂಡು ವಾರಕ್ಕೊಮ್ಮೆ ಕೂಡತೊಡಗಿದರು. ಗಂಡಸರು ಬೆಟ್ಟದ ಮೇಲಿನ ಗುಡ್ಡಗಳನ್ನು ತೆಗೆಸಬೇಕು ಅಂತ ಸಭೆ ಸೇರುತ್ತಿದ್ದವರು, ಸಭೆ ಮುಗಿದ ಮೇಲೆ ಹಾಡತೊಡಗಿ ಅದು ಇನಿಸೋವನ್ ಎಂಬ ಹೆಸರಿನ ಗಾಯನ ತಂಡವಾಯಿತು. ಆ ತಂಡ ದಶಕಗಳ ಕಾಲ ಹಾಡುತ್ತಾ ಬಂತು. ಬದುಕುಳಿದ ಶಿಕ್ಷಕರು ಉಳಿದ ಮಕ್ಕಳಿಗೆ ಪಾಠ ಮುಂದುವರಿಸಿದರು. ಮೊದಲ ದಿನ ಹಾಜರಿ ಕರೆಯುವಾಗ ಆ ಗಂಟಲುಗಳಿಗೆ ಏನಾಗಿರಬೇಕು ಅಂತ ಯೋಚಿಸಿದರೆ ನನಗೆ ಮುಂದೆ ಬರೆಯಲು ಕೈ ಬರುವುದಿಲ್ಲ.

ಇನ್ನೊಂದು ಲೆಕ್ಕ ನನಗೆ ಬಹಳ ಹಿಡಿಸಿತು. 1975ರಲ್ಲಿ ವಿಲಿಯಮ್ಸ್ ಮತ್ತು ಕಾಲಿನ್ ಮರ್ರೇ ಪಾರ್ಕ್ಸ್ ಎಂಬ ವೈದ್ಯರು ಅಬರ್‌ಫಾನಿನ ಜನನ ದಾಖಲೆಗಳನ್ನು ತಿರುವಿ ಹಾಕಿದರು. ದುರಂತದ ನಂತರದ ಐದು ವರ್ಷ ಅಲ್ಲಿಯ ಜನನ ಪ್ರಮಾಣ ಸುತ್ತಲ ಊರುಗಳಿಗಿಂತ ಹೆಚ್ಚಾಗಿತ್ತು. ಕಳೆದುಕೊಂಡವರು ಮತ್ತೆ ಮಕ್ಕಳನ್ನು ಪಡೆದಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಹೆಚ್ಚಿದ ಆ ಹುಟ್ಟುಗಳಲ್ಲಿ ಬಹುಪಾಲು, ಮಗುವನ್ನು ಕಳೆದುಕೊಳ್ಳದ ಮನೆಗಳಲ್ಲಿ. ಇಡೀ ಊರೇ ತನ್ನ ಮಕ್ಕಳನ್ನು ಕಳೆದುಕೊಂಡಿತ್ತು, ಊರೇ ಅದನ್ನು ತುಂಬಿಕೊಳ್ಳಲು ಹೊರಟಿತ್ತು ಅಂತ ನನ್ನ ಅರ್ಥ. ಯಾರು ಹತ್ತಿರದವರು, ಯಾರು ದೂರದವರು ಅಂತ ಕೇಳಿದ ಕಮಿಷನ್ನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಗುಡ್ಡಗಳ ವಿಷಯ ಇನ್ನೂ ಬಾಕಿ ಇದೆ. ಏಳನೆಯದು ಜಾರಿದ ಮೇಲೆ ಉಳಿದ ಗುಡ್ಡಗಳು ಊರಿನ ತಲೆಯ ಮೇಲೆ ಹಾಗೇ ಇದ್ದವು. ಅವುಗಳ ಕೆಳಗೆ ಮಕ್ಕಳು ಮಲಗಬೇಕು, ಶಾಲೆಗೆ ಹೋಗಬೇಕು. ಸುರಕ್ಷಿತವಾಗಿವೆ, ತೆಗೆಯುವ ಖರ್ಚು ಯಾಕೆ ಅಂತ ಮೇಲಿನವರ ವಾದ. ಇಂಜಿನಿಯರಿಂಗ್ ಲೆಕ್ಕ ಸರಿಯೇ ಇರಬಹುದು, ಆದರೆ ಮಳೆ ಬಂದ ರಾತ್ರಿ ಆ ತಾಯಂದಿರಿಗೆ ನಿದ್ದೆ ಹೇಗೆ ಬರಬೇಕು? ಊರವರು ಕಾರ್ಡಿಫ್‌ಗೆ ಹೋಗಿ ಸರ್ಕಾರಿ ಕಚೇರಿಯೊಳಗೆ ಗಣಿ ಕೆಸರು ಸುರಿದು ಬಂದ ಮೇಲೆ ತೆಗೆಯಲು ಒಪ್ಪಿಗೆ ಬಂತು. ಆದರೆ ಒಂದು ಷರತ್ತು. ಖರ್ಚಿನಲ್ಲಿ 1,50,000 ಪೌಂಡ್ ಜನ ಕೊಟ್ಟ ನಿಧಿಯಿಂದ ಬರಬೇಕು! ಮಕ್ಕಳನ್ನು ಕಳೆದುಕೊಂಡವರಿಗೆಂದು ಜಗತ್ತು ಕಳಿಸಿದ ದುಡ್ಡು, ಕೊಂದವರ ಕಸ ಎತ್ತುವುದಕ್ಕೆ. 1968ರ ಆಗಸ್ಟಿನಲ್ಲಿ ಆ ಹಣ ಹೋಯಿತು. ವೋಚರ್ ಕೇಳಿದ ಅದೇ ಕಮಿಷನ್ ಇದನ್ನು ತಡೆಯಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಟ್ರಸ್ಟ್ ಡೀಡ್ ಓದಲು ಬರುವ ಯಾವ ಬ್ಯಾಂಕ್ ಗುಮಾಸ್ತನಾದರೂ ಆ ಚೆಕ್ಕನ್ನು ವಾಪಸ್ ಕಳಿಸುತ್ತಿದ್ದ.

ಹಳೆಯ ಸರ್ಕಾರಿ ಕಡತಗಳು ಬಯಲಾದ 1997ರಲ್ಲಿ, ವೇಲ್ಸ್ ಮಂತ್ರಿ ರಾನ್ ಡೇವಿಸ್ ಆ 1,50,000 ಪೌಂಡನ್ನು ನಿಧಿಗೆ ಹಿಂದಿರುಗಿಸಿದರು. ಅಸಲು ಮಾತ್ರ, ಬಡ್ಡಿ ಇಲ್ಲ. ಕ್ಯಾಲ್ಕುಲೇಟರ್ ತೆಗೆದು ನೋಡಿದೆ. ವರ್ಷಕ್ಕೆ ಶೇ. 5ರ ಚಕ್ರಬಡ್ಡಿ ಹಾಕಿದರೂ 29 ವರ್ಷಕ್ಕೆ ಅದು 6,17,000 ಪೌಂಡ್ ದಾಟುತ್ತದೆ. ಬೆಲೆ ಏರಿಕೆ ಲೆಕ್ಕ ಹಾಕಿದರೆ ಇನ್ನೂ ಮೇಲೆ. 2007ರಲ್ಲಿ ವೇಲ್ಸ್ ಸರ್ಕಾರ ಸ್ಮಾರಕ ನಿಧಿಗೆ 15 ಲಕ್ಷ ಪೌಂಡ್, ಶಿಕ್ಷಣ ನಿಧಿಗೆ 5 ಲಕ್ಷ ಪೌಂಡ್ ಕೊಟ್ಟು ಆ ಹಳೆಯ ಖಾತೆ ಮುಚ್ಚಿತು. ಅಷ್ಟು ಹೊತ್ತಿಗೆ ಎಷ್ಟೋ ತಂದೆ ತಾಯಂದಿರು ಹೊರಟುಹೋಗಿದ್ದರು.

ತಮಿಳುನಾಡಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಇದನ್ನೆಲ್ಲ ಓದುವಾಗ ಕುಂಭಕೋಣಂ ನೆನಪಾಗದೆ ಇರುತ್ತದೆಯೇ? 2004ರ ಜುಲೈ 16. ಊಟದ ಅಡುಗೆಯ ಬೆಂಕಿ ಗರಿಯ ಛಾವಣಿಗೆ ಹತ್ತಿ 94 ಮಕ್ಕಳು ಹೋದರು. ಆ ಸಂಜೆ ಚೆನ್ನೈನ ಲೋಕಲ್ ರೈಲಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕೆಳಗಿನ ಕೋರ್ಟಿನ ತೀರ್ಪು ಬಂದದ್ದು 2014ರ ಜುಲೈ 30ಕ್ಕೆ, ಹತ್ತು ವರ್ಷ ದಾಟಿದ ಮೇಲೆ. ನಡುವೆ 2009ರಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಶಾಲೆಗಳಿಗೂ ಅಗ್ನಿ ಸುರಕ್ಷತೆಯ ಆದೇಶ ಕೊಟ್ಟಿತು. ಕಟ್ಟಡ, ಛಾವಣಿ, ಮೆಟ್ಟಿಲು, ನೀರಿನ ವ್ಯವಸ್ಥೆ ಎಲ್ಲದರ ಬಗ್ಗೆಯೂ ಮಾತು ಬಂತು. ಅದೇ ಶಾಲೆಯಿಂದ ಓಡಿ ಹೊರಗೆ ಬಂದ ಮಕ್ಕಳ ವಿಷಯ ಎಷ್ಟು ಜನಕ್ಕೆ ನೆನಪಿದೆ? ಈಗ ಅವರಿಗೆ ಇಪ್ಪತ್ತೈದು ದಾಟಿರಬೇಕು, ಕೆಲವರಿಗೆ ಮೂವತ್ತು.

ಅಬರ್‌ಫಾನಿನಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಇದ್ದರು, ಆದರೆ 33 ವರ್ಷ ತಡವಾಗಿ. ಬದುಕುಳಿದವರಲ್ಲಿ 41 ಜನರನ್ನು ಹುಡುಕಿ ಮಾತಾಡಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 46ರಷ್ಟು ಜನ ದುರಂತದ ನಂತರ ಯಾವಾಗಲಾದರೂ ಆಘಾತದ ಕಾಯಿಲೆ ಅನುಭವಿಸಿದ್ದರು. ಮಾತಾಡಿಸಿದ ದಿನಕ್ಕೂ ಶೇ. 29ರಷ್ಟು ಜನಕ್ಕೆ ಅದು ಇತ್ತು. ನಲವತ್ತು ದಾಟಿದ ಗಂಡಸರು, ಹೆಂಗಸರು. ತಮ್ಮ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದವರು.

ಆ ತಾಯಂದಿರ ಕ್ಲಬ್ ವಿಷಯ ಹೇಳಿದೆನಲ್ಲ. ದುರಂತಕ್ಕೆ 50 ವರ್ಷವಾದ 2016ರಲ್ಲೂ ಅವರು ಸೇರುತ್ತಿದ್ದರು, ಹೆಸರು ಮಾತ್ರ ಯಂಗ್ ವೈವ್ಸ್ ಅಂತಲೇ ಇತ್ತು.